ಭಾನುವಾರ ನೋಡಿ ಬಿಲ್ಡಿಂಗ್ ಕೊಳ್ಳಬೇಡಿ: ಕಾಟನ್‌ಪೇಟೆಯಲ್ಲಿ ನಮ್ಮ ತಲೆ ಮೇಲೆ ಬಿದ್ದ 21.5 ಲಕ್ಷ

ಬೆಂಗಳೂರಿನ ಹಳೇ ಪೇಟೆ ಕಡೆ ಬಾಡಿಗೆ ಬರೋ ಬಿಲ್ಡಿಂಗ್ ತಗೊಳ್ಳೋಣ ಅಂತ ಹೊರ ಊರಿಂದ ಹೊರಟಿರೋರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯೋಕೆ ನಾಚಿಕೆಯಾಗ್ತಿದೆ. ನಮ್ಮತ್ತೆಗೆ ಇನ್ನೂ ಪೂರ್ತಿ ವಿಷಯ ಹೇಳಿಲ್ಲ. ಆದರೂ ಬರೀತಿದೀನಿ, ಯಾಕಂದ್ರೆ ನಮಗೆ ಮಾಡಿದ್ದನ್ನೇ ಅವರು ಇನ್ನೊಬ್ಬರಿಗೂ ಮಾಡೋಕೆ ಹೊರಟಿದಾರೆ.

ನಾವು ದಾವಣಗೆರೆಯವರು. ಚನ್ನಗಿರಿ ಹತ್ತಿರ ಮಾವನವರ ಕಾಲದ ಅಡಿಕೆ ತೋಟ ಇತ್ತು, ನೋಡಿಕೊಳ್ಳೋರಿಲ್ಲದೆ ಮಾರಿದೆವು. ಆ ದುಡ್ಡು, ನಾದಿನಿ ನಂಬಿ ಕೊಟ್ಟ 15 ಲಕ್ಷ, ಮೇಲೆ ಬ್ಯಾಂಕಿನ 60 ಲಕ್ಷ ಸಾಲ, ಎಲ್ಲ ಸೇರಿಸಿ 1 ಕೋಟಿ 45 ಲಕ್ಷಕ್ಕೆ ಕಾಟನ್‌ಪೇಟೆಯ ಒಂದು ಗಲ್ಲಿಯಲ್ಲಿ ಬಿಲ್ಡಿಂಗ್ ತಗೊಂಡೆವು. ಕೆಳಗೆ ಗೋಡೌನ್, ಮೇಲೆ ಐದು ಮನೆ. ಗೋಡೌನ್‌ಗೆ 22,000, ಮನೆಗಳಿಗೆ ತಲಾ 9,200, ಒಟ್ಟು ತಿಂಗಳಿಗೆ 68,000 ಬಾಡಿಗೆ ಅಂತ ಹೇಳಿದರು. ಸಾಲದ ಕಂತು 59,000. ಬಾಡಿಗೆಯೇ ಕಂತು ಕಟ್ಟುತ್ತೆ, ಮೇಲೆ ಸ್ವಲ್ಪ ಉಳಿಯುತ್ತೆ ಅಂತ ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿದ್ದೆವು. ಮೆಜೆಸ್ಟಿಕ್ ಪಕ್ಕ, ರೈಲಿಳಿದು ನಡೆದೇ ಹೋಗಬಹುದು, ಚಿಕ್ಕಪೇಟೆ ಮೆಟ್ರೊ ಹತ್ತಿರ. ಇಂಥ ಜಾಗದಲ್ಲಿ ಮನೆ ಖಾಲಿ ಬೀಳೋದೇ ಇಲ್ಲ ಅಂತ ಬ್ರೋಕರ್ ಹೇಳಿದ್ದು ಸುಳ್ಳೂ ಅಲ್ಲ.

ನಮಗೆ ಆ ಏರಿಯಾ ಗೊತ್ತಿರಲಿಲ್ಲ. ಬೆಂಗಳೂರು ಅಂದ್ರೆ ನಮಗೆ ವಿಜಯನಗರದ ನೆಂಟರ ಮನೆ, ಅಷ್ಟೇ. ಪೇಟೆಗೆ ಹೋಗಿದ್ದು ಮದುವೆ ಸೀರೆ ತರೋಕೆ ಮಾತ್ರ. ಗೊತ್ತಿಲ್ಲದ ಜಾಗ ಅಂತ ಕಾಗದದಲ್ಲಿ ಏನೂ ಬಿಡಲಿಲ್ಲ ನಾವು. ವಕೀಲರಿಗೆ ದುಡ್ಡು ಕೊಟ್ಟು ಮೂಲಪತ್ರ, 30 ವರ್ಷದ ಇ.ಸಿ. (ಆಸ್ತಿ ಮೇಲೆ ರಿಜಿಸ್ಟರ್ ಆದ ಮಾರಾಟ, ಸಾಲಗಳ ಪಟ್ಟಿ), ಮನೆತನದ ವಿಭಾಗ ಪತ್ರ, ಹೆಣ್ಣುಮಕ್ಕಳ ಸಹಿ, ಇ-ಖಾತಾ, ಕಂದಾಯದ ರಸೀದಿ ಎಲ್ಲ ನೋಡಿಸಿದೆವು. ಎಲ್ಲ ಸರಿಯಾಗಿತ್ತು. ಈಗಲೂ ಸರಿಯಾಗೇ ಇದೆ.

ಮನೆ ನೋಡೋಕೆ ಎರಡು ಸಲ ಹೋದೆವು, 2024ರ ನವೆಂಬರ್‌ನಲ್ಲಿ. ಎರಡೂ ಸಲ ಭಾನುವಾರ ಬೆಳಗ್ಗೆ. ನಾವು ಶನಿವಾರ ಬರ್ತೀವಿ ಅಂದ್ರೂ ಬ್ರೋಕರ್ ಬೇಡ ಅಂದ. "ವಾರದ ದಿನ ಟ್ರಾಫಿಕ್ ಮೇಡಂ, ಸುಮ್ನೆ ನಿಮ್ಗೆ ತೊಂದ್ರೆ." ಭಾನುವಾರ ಅಂಗಡಿ, ಗೋಡೌನ್‌ಗಳ ಶಟರ್ ಎಳೆದಿದ್ದವು. ಬೀದಿ ಖಾಲಿ. ಆಟೊ ಸೀದಾ ಬಾಗಿಲಿಗೇ ಬಂದು ನಿಂತಿತು. ಪರವಾಗಿಲ್ಲ, ಶಾಂತವಾಗಿದೆ ಅಂದರು ನಮ್ಮನೆಯವರು.

ಮೆಟ್ಟಿಲು ಹತ್ತೋ ಮುಂಚೆ ಬ್ರೋಕರ್ ನಮ್ಮನ್ನ ಪಕ್ಕಕ್ಕೆ ಕರೆದ. "ಮೇಡಂ, ಬಾಡಿಗೆಯವ್ರಿಗೆ ಮಾರ್ತಿರೋ ವಿಷ್ಯ ಗೊತ್ತಾಗೋದು ಬೇಡ. ಹೆದ್ರಿಕೊಂಡು ಖಾಲಿ ಮಾಡಿಬಿಟ್ರೆ ನಿಮ್ಗೇ ಲಾಸು. ನೀವು ಓನರ್ ಕಡೆ ನೆಂಟ್ರು ಅಂತ ಹೇಳ್ತೀನಿ, ಸುಮ್ನೆ ಹೂಂ ಅನ್ನಿ." ಹೂಂ ಅಂದೆ. ಎರಡನೇ ಮಹಡಿಯಲ್ಲಿ ಒಬ್ಬರು ಬ್ಲೌಸ್ ಹೊಲೀತಾ ಕೂತಿದ್ದರು. ನಾನು ಓನರ್ ಅಣ್ಣನ ಸೊಸೆ ಅಂತ ಬ್ರೋಕರ್ ಹೇಳಿದ. ಆಯಮ್ಮ ನಕ್ಕು, ಕಾಫಿ ಕುಡೀತೀರಾ ಅಂದರು. ಬೇಡ ಅಂದು ಗೋಡೆ ನೋಡಿದೆ, ಬಚ್ಚಲು ನೋಡಿದೆ, ಇಳಿದು ಬಂದೆ. ಆಯಮ್ಮನ ಹತ್ತಿರ ಒಂದೇ ಒಂದು ಮಾತು ಕೇಳಿದ್ದಿದ್ದರೆ! ಒಂದೇ ಒಂದು ಮಾತು. ತಿಂಗಳಿಗೆ ಎಷ್ಟು ಕೊಡ್ತೀರಮ್ಮಾ ಅಂತ.

ಐದೂ ಮನೆಯ ಬಾಡಿಗೆ ಕರಾರಿನ ಜೆರಾಕ್ಸ್ ಕೊಟ್ಟರು, 11 ತಿಂಗಳದ್ದು, ಎಲ್ಲರೂ ಮಾಡ್ಕೊಳ್ಳೋ ಹಾಗೇ. ಕೊನೆ ಲೆಕ್ಕ ಮಾಡುವಾಗ ಓನರ್ ತಾವಾಗಿಯೇ ಹೇಳಿದರು, "ಐದು ಮನೆ ಅಡ್ವಾನ್ಸು ತಲಾ ಐವತ್ತು ಸಾವ್ರ ನನ್ಹತ್ರ ಇದೆಯಮ್ಮ, ಅದನ್ನ ಹಿಡ್ಕೊಂಡು ಕೊಡಿ, ನನಗೆ ಇನ್ನೊಬ್ರ ದುಡ್ಡು ಬೇಡ." ಎರಡೂವರೆ ಲಕ್ಷ ಮುರಿದುಕೊಂಡು ಕೊಟ್ಟೆವು. ಎಂಥ ಮನುಷ್ಯ ಅಂತ ದಾರಿಯುದ್ದಕ್ಕೂ ಹೊಗಳಿದ್ದೇ ಹೊಗಳಿದ್ದು. ಆ ಎರಡೂವರೆ ಲಕ್ಷಕ್ಕೇ ನಾವು ಬಿದ್ದಿದ್ದು. ಜನವರಿಯಲ್ಲಿ ರಿಜಿಸ್ಟ್ರೇಷನ್ ಆಯಿತು. ಸ್ಟಾಂಪು, ಫೀಸು ಸೇರಿ ಒಂಬತ್ತೂವರೆ ಲಕ್ಷ. (ಆಗ ನೋಂದಣಿ ಶುಲ್ಕ 1% ಇತ್ತು. 2025ರ ಆಗಸ್ಟ್ 31ರಿಂದ 2% ಮಾಡಿದಾರೆ, ನಿಮಗೆ ಇನ್ನೂ ಜಾಸ್ತಿ ಬೀಳುತ್ತೆ.)

ಫೆಬ್ರವರಿ 5, ಬುಧವಾರ. ಮೊದಲನೇ ಬಾಡಿಗೆ ತಗೊಳ್ಳೋಕೆ ಅಂತ ಹೋದೆವು. ವಾರದ ದಿನ ಆ ಬೀದಿಯನ್ನ ನಾವು ನೋಡಿದ್ದು ಅವತ್ತೇ ಮೊದಲು. ಆಟೊದವನು ಮೇನ್ ರೋಡಲ್ಲೇ ಇಳಿಸಿದ, ಒಳಗೆ ಬರಲ್ಲ ಅಂದ. ಟೆಂಪೊ, ತಳ್ಳುಗಾಡಿ, ತಲೆ ಮೇಲೆ ಬಂಡಲ್ ಹೊತ್ತ ಹಮಾಲರು. ನಮ್ಮ ಬಿಲ್ಡಿಂಗ್ ಮೆಟ್ಟಿಲ ಅರ್ಧ ಭಾಗ ಗೋಡೌನಿನ ಬಾಕ್ಸುಗಳೇ ತುಂಬಿದ್ದವು. ನೀರಿನ ಟ್ಯಾಂಕರ್ ರಾತ್ರಿ ಹತ್ತರ ಮೇಲೆ ಮಾತ್ರ ಒಳಗೆ ಬರುತ್ತಂತೆ. ಇದೆಲ್ಲ ಸಹಿಸಬಹುದು. ಪೇಟೆ ಅಂದ್ರೆ ಪೇಟೆ, ಅದು ಬದುಕ್ತಿರೋದೇ ಹಾಗೆ. ಒಂದು ಮಂಗಳವಾರ ಬಂದು ನೋಡದೇ ಹೋದದ್ದು ನಮ್ಮ ತಪ್ಪು.

ಎರಡನೇ ಮಹಡಿಗೆ ಹೋಗಿ, ನಾವು ಹೊಸ ಓನರ್, ಬಾಡಿಗೆಗೆ ಬಂದಿದ್ವಿ ಅಂದೆ.

ಆಯಮ್ಮ ಹೊಲಿಗೆ ಮಷಿನ್ ನಿಲ್ಲಿಸಿ ನನ್ನ ಮುಖ ನೋಡಿದರು. "ನೀವು ಓನರ್ ಅಣ್ಣನ ಸೊಸೆ ಅಂದ್ರಲ್ಲ ಅವತ್ತು?"

ನನಗೆ ಬಾಯಿ ಕಟ್ಟಿಹೋಯಿತು.

"ಬಾಡಿಗೆ ಏನು ಕೇಳ್ತೀರಮ್ಮ. ನಾವು ಭೋಗ್ಯಕ್ಕಿರೋರು. ಏಳು ಲಕ್ಷ ಕೊಟ್ಟಿದೀವಿ. ಮೇ ತಿಂಗ್ಳಿಗೆ ಮೂರು ವರ್ಷ ಮುಗಿಯುತ್ತೆ, ನಮ್ಮ ದುಡ್ಡು ನೀವು ತಾನೆ ಕೊಡ್ಬೇಕು?" ಒಳಗೆ ಹೋಗಿ ಬಿಸ್ಕತ್ ಡಬ್ಬಿಯಿಂದ ಛಾಪಾ ಕಾಗದ ತಂದು ತೋರಿಸಿದರು. ಓನರ್ ಸಹಿ ಇತ್ತು. ಭೋಗ್ಯ ಅಂದ್ರೆ ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರೋದು, ಅವಧಿ ಮುಗಿದಾಗ ಓನರ್ ಆ ದುಡ್ಡು ವಾಪಸ್ ಕೊಡಬೇಕು. ಎದುರು ಮನೆಯವರೂ ಬಾಗಿಲಿಗೆ ಬಂದರು. ಅವರದು ಎಂಟು ಲಕ್ಷ. ಮೂರನೇ ಮಹಡಿಯವರದು ಆರೂವರೆ. ಒಟ್ಟು ಇಪ್ಪತ್ತೊಂದೂವರೆ ಲಕ್ಷ. ಐದರಲ್ಲಿ ಮೂರು ಮನೆಯಿಂದ ಒಂದು ರೂಪಾಯಿ ಬಾಡಿಗೆ ಇಲ್ಲ. 68,000 ಅಂದಿದ್ದು ನಿಜವಾಗಿ 40,400. ಪ್ರತಿ ತಿಂಗಳು ಕಂತಿಗೆ 18,600 ಕೈಯಿಂದ ಹಾಕ್ತಿದೀವಿ.

ಭೋಗ್ಯದ ಪತ್ರ ರಿಜಿಸ್ಟರ್ ಆಗಿಲ್ಲ. ಆಗದೇ ಇದ್ದದ್ದು ಇ.ಸಿ.ಯಲ್ಲಿ ಬರಲ್ಲ. 30 ವರ್ಷದ್ದಲ್ಲ, 100 ವರ್ಷದ್ದು ತೆಗೆಸಿದ್ರೂ ಬರಲ್ಲ. ಊರಿಗೆ ವಾಪಸ್ ಬಂದ ರಾತ್ರಿ ನಮ್ಮನೆಯವರು ಆ 11 ತಿಂಗಳ ಕರಾರುಗಳನ್ನ ಮೇಜಿನ ಮೇಲೆ ಸಾಲಾಗಿಟ್ಟು ನೋಡಿದರು. ಐದೂ ಇ-ಸ್ಟಾಂಪ್ ಪೇಪರ್ ಒಂದೇ ದಿನ ತಗೊಂಡಿದ್ದು, ಐದೈದು ನಿಮಿಷದ ಅಂತರದಲ್ಲಿ. ಸಮಯ ಕಾಗದದ ಮೇಲೇ ಅಚ್ಚಾಗಿದೆ. ಎರಡು ತಿಂಗಳು ನಮ್ಮ ಬೀರುವಿನಲ್ಲೇ ಇದ್ದವು ಅವು, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಓನರ್‌ಗೆ ಫೋನ್ ಮಾಡಿದೆ. ಮೊದಲನೇ ದಿನ, "ಅದು ನಿಮ್ಗೆ ಗೊತ್ತೇ ಇತ್ತಲ್ಲಮ್ಮ, ಎರಡು ಸಲ ಬಂದು ಮನೆಯೊಳಗೆಲ್ಲ ನೋಡ್ಕೊಂಡು ಹೋಗಿದೀರ." ಎರಡನೇ ದಿನ, "ಬ್ರೋಕರ್ ಹೇಳ್ಲಿಲ್ವಾ? ಅವನ್ನೇ ಕೇಳಿ." ಸುಳ್ಳು ಕರಾರು ಮಾಡಿ ಕೊಟ್ಟಿದ್ದು ಯಾಕೆ ಅಂತ ಕೇಳಿದ್ದಕ್ಕೆ, "ಬ್ಯಾಂಕಿನವ್ರಿಗೆ ಬೇಕು ಅಂತ ನೀವೇ ಕೇಳಿದ್ದು." ನಾವೇ ಕೇಳಿದ್ದಂತೆ! ಮೂರನೇ ಸಲ, "ನೋಡಮ್ಮ, ಅಡ್ವಾನ್ಸ್ ಹಿಡ್ಕೊಂಡೇ ದುಡ್ಡು ಕೊಟ್ಟಿದೀರ, ಲೆಕ್ಕ ಮುಗೀತು." ಆಮೇಲೆ ಫೋನ್ ಎತ್ತಲಿಲ್ಲ.

ಬ್ರೋಕರ್ ಎತ್ತಿದ. ಅವನ ಮಾತು ಇನ್ನೂ ಉರಿಯುತ್ತೆ. "ಮೇಡಂ, ಓನರ್ ಹೇಳಿದ್ದನ್ನ ನಾನು ಹೇಳಿದೆ. ಏರಿಯಾದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಿದ್ರು, ನೀವ್ಯಾಕೆ ಕೇಳ್ಲಿಲ್ಲ?" ಯಾರನ್ನೂ ಮಾತಾಡಿಸಬೇಡಿ ಅಂತ ಹೇಳಿದವನೇ ಇವನು. ಎರಡು ಲಕ್ಷ ಕಮಿಷನ್ ತಗೊಂಡವನೂ ಇವನೇ.

ಆದರೆ ಅವನು ಹೇಳಿದ್ದು ನಿಜ. ಗಲ್ಲಿಯ ಮೂಲೆಯಲ್ಲಿ ಒಂದು ಟೀ ಅಂಗಡಿ ಇದೆ, ಭಾನುವಾರ ಮುಚ್ಚಿರುತ್ತೆ. ಅವತ್ತು ಕಾಲು ಸೋತು ಅಲ್ಲಿ ಕೂತಾಗ ಅಂಗಡಿಯವರು ತಾವಾಗಿಯೇ ಅಂದರು, "ಆ ಬಿಲ್ಡಿಂಗ್ ನೀವು ತಗೊಂಡ್ರಾ? ಅದ್ರಲ್ಲಿ ಮೇಲಿನ ಮೂರೂ ಭೋಗ್ಯ ಅಲ್ವಾ ಅಕ್ಕ. ಅವ್ರ ವ್ಯಾಪಾರ ಲಾಸಾದಾಗ ಹಾಕಿದ್ದು." ಗಲ್ಲಿಗೆಲ್ಲ ಗೊತ್ತಿತ್ತು. ಹತ್ತು ರೂಪಾಯಿ ಟೀ ಕುಡಿದಿದ್ದರೆ ನಮಗೂ ಗೊತ್ತಾಗ್ತಿತ್ತು.

ವಕೀಲರ ಹತ್ತಿರ ಓಡಿದೆವು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಸೆಕ್ಷನ್ ತೋರಿಸಿದರು. ಆಸ್ತಿಯಲ್ಲಿ ಯಾರು ವಾಸ ಇದ್ದಾರೋ ಅವರ ಹಕ್ಕು ಕೊಳ್ಳೋನಿಗೆ ಗೊತ್ತಿತ್ತು ಅಂತಲೇ ಕಾನೂನು ತಿಳ್ಕೊಳ್ಳುತ್ತಂತೆ. ನನಗೆ ಗೊತ್ತಿರಲಿಲ್ಲ ಅನ್ನೋ ಮಾತು ನಡೆಯಲ್ಲ. ಹಳೇ ಓನರ್ ಮೇಲೆ ಮೋಸದ ಕೇಸು ಬೇರೆ ಹಾಕಬಹುದು, ಆದರೆ ದುಡ್ಡು ಕೊಡೋವರೆಗೆ ಆ ಮೂರು ಮನೆಯವರು ಕದಲಲ್ಲ. "ಒಳಗೆ ಯಾರಿದಾರೆ ಅಂತ ನೀವು ಯಾಕೆ ನೋಡಲಿಲ್ಲ ಸರ್" ಅಂದೆ. "ನಾನು ಕಾಗದ ನೋಡ್ತೀನಿ ಮೇಡಂ, ಮನೆ ನೀವು ನೋಡ್ಬೇಕು" ಅಂದರು.

ಆ ಮೂರು ಮನೆಯವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅವರದೂ ಕಷ್ಟದ ದುಡ್ಡು. ಹೊಲಿಗೆಯವರ ಏಳು ಲಕ್ಷವನ್ನ ಜೂನ್‌ನಲ್ಲಿ ಕೊಟ್ಟೆವು, ನನ್ನ ಬಳೆ, ಸರ ಅಡ ಇಟ್ಟು. ಉಳಿದ ಇಬ್ಬರ ಹತ್ತಿರ ಯುಗಾದಿವರೆಗೆ ಟೈಮ್ ಕೇಳಿದೀವಿ. ನಾದಿನಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವು.

ಕೊಳ್ಳೋ ಮುಂಚೆ ಬ್ರೋಕರ್ ಇಲ್ಲದೆ, ವಾರದ ದಿನ, ನೀವೇ ಹೋಗಿ. ಪ್ರತಿ ಮನೆ ಬಾಗಿಲು ತಟ್ಟಿ, ಕೊಳ್ಳೋಕೆ ಬಂದಿದೀವಿ ಅಂತ ನಿಜ ಹೇಳಿ, ತಿಂಗಳಿಗೆ ಎಷ್ಟು, ಯಾರಿಗೆ, ಹೇಗೆ ಕೊಡ್ತೀರಿ ಅಂತ ಕೇಳಿ. ಬಾಡಿಗೆ ಕರಾರು ನಂಬಬೇಡಿ. ಓನರ್‌ನ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಆರು ತಿಂಗಳು ಬಾಡಿಗೆ ಬಿದ್ದಿದೆಯಾ ನೋಡಿ. ತೋರಿಸಲ್ಲ ಅಂದ್ರೆ ಎದ್ದು ಬನ್ನಿ. ಮಾತಾಡಿಸಬೇಡಿ ಅನ್ನೋ ಬ್ರೋಕರ್ ಆದ್ರೆ ಅಲ್ಲಿಂದಲೇ ಎದ್ದು ಬನ್ನಿ.

ಹೋದ ವಾರ ಟೀ ಅಂಗಡಿಯವರು ಫೋನ್ ಮಾಡಿದ್ದರು. ನಮ್ಮ ಬಿಲ್ಡಿಂಗಿನಿಂದ ಎರಡು ಬಿಟ್ಟು ಆಚೆಗೆ ಇನ್ನೊಂದು ಮಾರಾಟಕ್ಕಿದೆಯಂತೆ. ಎರಡು ಭಾನುವಾರದಿಂದ ಅದೇ ಬ್ರೋಕರ್ ಒಬ್ಬ ಗಂಡ ಹೆಂಡತಿಯನ್ನ ಕರ್ಕೊಂಡು ಬಂದು ತೋರಿಸ್ತಿದಾನಂತೆ, ಅಂಗಡಿ ಮುಚ್ಚಿದ್ರೂ ಅವರ ಮನೆ ಮೇಲೇ ಇರೋದ್ರಿಂದ ಕಣ್ಣಿಗೆ ಬಿತ್ತಂತೆ. ಅವರು ಯಾರು, ಯಾವ ಊರು ಗೊತ್ತಿಲ್ಲ. ಇದನ್ನ ಓದ್ತಿರೋದು ನೀವೇ ಆಗಿದ್ರೆ, ಟೋಕನ್ ಕೊಡಬೇಡಿ. ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಆ ಮೂಲೆಗೆ ಹೋಗಿ, ಟೀ ಅಂಗಡಿಯವರನ್ನ ಕೇಳಿ. ಅವರು ಹೇಳ್ತಾರೆ.