ವಾಟರ್ ಫೆಡ್ ಪೋಲ್: ನಮ್ಮ ಊರಿನ ನೀರಿಗೆ ಆರ್‌ಒ ಬೇಕಾ, ರೆಸಿನ್ ಸಾಕಾ?

ಕಿಟಕಿ ತೊಳೆಯುವ ವಾಟರ್ ಫೆಡ್ ಪೋಲ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದ್ದು, ಎಷ್ಟು ಅಡಿಯದ್ದು ಅಂತ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ನಳ್ಳಿ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣದ ಪ್ರಮಾಣ, ಎಷ್ಟು? ಮಂಗಳೂರಿನಲ್ಲಿ 2021ರಿಂದ ಅಪಾರ್ಟ್‌ಮೆಂಟ್, ಕ್ಲಿನಿಕ್, ಶೋರೂಮ್‌ಗಳ ಗಾಜು ತೊಳೆಯಲು ಈ ಸಾಮಾನು ಬಳಸುತ್ತಿದ್ದೇನೆ. ಇಷ್ಟು ಕಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟೇ. ಕರಾವಳಿಯಲ್ಲಿ ದುಡ್ಡು ಹಾಕಬೇಕಾದ್ದು ಪೋಲಿಗೆ. ನೀರು ಶುದ್ಧ ಮಾಡುವ ವ್ಯವಸ್ಥೆ ಇಲ್ಲಿ ಚಿಕ್ಕದಾಗಿಯೇ ಇರಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಉದ್ದದ ಪೋಲಿನ ತುದಿಗೆ ಬ್ರಷ್, ಒಳಗೆ ಸಪೂರ ಪೈಪು, ಬ್ರಷ್‌ನಲ್ಲಿ ನೀರು ಚಿಮ್ಮುವ ಜೆಟ್. ನೆಲದಲ್ಲಿ ನಿಂತೇ ಉಜ್ಜಿ ತೊಳೆಯುವುದು. ಸೋಪು ಇಲ್ಲ, ವೈಪರ್ ಇಲ್ಲ, ಏಣಿ ಇಲ್ಲ. ಸಾಮಾನ್ಯ ನೀರು ಗಾಜಿನ ಮೇಲೆ ಒಣಗಿದರೆ ಅದರಲ್ಲಿ ಕರಗಿದ್ದ ಲವಣ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಲವಣವನ್ನೇ ತೆಗೆದುಬಿಟ್ಟರೆ ಉಳಿಯಲು ಏನೂ ಇಲ್ಲ. ಅದಕ್ಕೇ ಮೀಟರಿನಲ್ಲಿ ಸೊನ್ನೆ ತೋರಿಸುವ ನೀರು ಬೇಕು. ನಾನು ನೋಡಿದ ಹಾಗೆ 10 ಪಿಪಿಎಂವರೆಗೆ (ಟಿಡಿಎಸ್ ಅಳೆಯುವ ಲೆಕ್ಕ, ಹತ್ತು ಲಕ್ಷದಲ್ಲಿ ಇಷ್ಟು ಪಾಲು ಅಂತ) ಗಾಜಿನಲ್ಲಿ ಏನೂ ಕಾಣುವುದಿಲ್ಲ. 20 ದಾಟಿದರೆ ಕಪ್ಪು ಗಾಜಿನಲ್ಲಿ ಮೊದಲು ಗೊತ್ತಾಗುತ್ತದೆ.

ಗಿರಾಕಿಗಳಿಗೆ ಇದನ್ನು ನಂಬಿಸುವುದೇ ಒಂದು ಕೆಲಸ. ಕದ್ರಿಯ ಒಂದು ಮನೆಯಲ್ಲಿ ನಾವು ಪೈಪು ಸುತ್ತುವಾಗ ಅಮ್ಮನೊಬ್ಬರು ಹೊರಗೆ ಬಂದು, "ಎಂತ ಮಾರಾಯ್ರೆ, ಗಾಜು ಒದ್ದೆ ಇದೆ, ಒರೆಸದೆ ಹೋಗುವುದಾ?" ಅಂದರು. "ಒಣಗಿದ ಮೇಲೆ ನೋಡಿ ಅಮ್ಮ, ಚುಕ್ಕೆ ಇದ್ದರೆ ಹಣ ಬೇಡ" ಅಂದೆ. ಈಗ ಅವರ ಓಣಿಯಲ್ಲಿ ಜಾಸ್ತಿ ಮನೆಗಳು ನಮ್ಮವೇ.

ಈಗ ನೀರಿನ ವಿಷಯ. ಯೂಟ್ಯೂಬ್‌ನಲ್ಲಿ ಸಿಗುವ ಸಲಹೆ ಹೆಚ್ಚಿನದ್ದು ಇಂಗ್ಲೆಂಡಿನವರದ್ದು. ಲಂಡನ್ ಕಡೆಯದ್ದು ಸುಣ್ಣದ ನೆಲದ ಗಡಸು ನೀರು. ಆರ್‌ಒ, ಅಂದರೆ ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯಲ್ಲಿ ನೀರು ಹಾಯಿಸಿ ಲವಣ ಬೇರೆ ಮಾಡುವ ಫಿಲ್ಟರ್, ಇಲ್ಲದೆ ಅವರ ಕೆಲಸ ನಡೆಯುವುದಿಲ್ಲ. ನಮ್ಮದು ಹಾಗಲ್ಲ. ತುಂಬೆ ಅಣೆಕಟ್ಟಿನಿಂದ ಬರುವ ನೇತ್ರಾವತಿ ನೀರು ತುಂಬಾ ಮೆದು. ಮಳೆಗಾಲದಲ್ಲಿ ನನ್ನ ಮೀಟರು 100ರ ಒಳಗೇ ಇರುತ್ತದೆ. ಉಡುಪಿಯಲ್ಲಿ ಬಜೆಯಿಂದ ಬರುವ ಸ್ವರ್ಣಾ ನದಿ ನೀರೂ ಹಾಗೆಯೇ. ಇಂಥ ನೀರಿಗೆ ಮಿಕ್ಸೆಡ್ ಬೆಡ್ ರೆಸಿನ್ (ಎರಡು ಬಗೆಯ ಸಣ್ಣ ರಾಳದ ಮಣಿಗಳ ಮಿಶ್ರಣ) ತುಂಬಿದ ಒಂದು ಫೈಬರ್ ಸಿಲಿಂಡರ್ ಸಾಕು. ಲವಣವನ್ನು ಹಿಡಿದಿಟ್ಟುಕೊಂಡು ಸೊನ್ನೆ ನೀರು ಹೊರಗೆ ಬಿಡುತ್ತದೆ. ಕರೆಂಟು ಬೇಡ, ವೇಸ್ಟ್ ನೀರೂ ಇಲ್ಲ.

ಲೆಕ್ಕ ಸುಲಭ. ರೆಸಿನ್ ಹಿಡಿಯುವ ಲವಣಕ್ಕೆ ಒಂದು ಮಿತಿ ಇದೆ. 50 ಪಿಪಿಎಂ ನೀರು ಹಾಯಿಸಿದರೆ, 300 ಪಿಪಿಎಂ ನೀರಿಗಿಂತ ಸುಮಾರು ಆರು ಪಟ್ಟು ಹೆಚ್ಚು ನೀರು ಸಿಗುತ್ತದೆ. ಲೀಟರಿಗೆ ಕೆಲವು ನೂರು ರೂಪಾಯಿಯ ರೆಸಿನ್ ನಮಗೆ ಅಗ್ಗವಾಗುವುದು, ಇನ್ನೊಂದು ಊರಿನವರಿಗೆ ದುಬಾರಿಯಾಗುವುದು ಇದರಿಂದಲೇ.

ಆದರೆ ಬಾವಿ ನೀರಿನವರು ಸ್ವಲ್ಪ ಹುಷಾರು. ಮುರಕಲ್ಲಿನ ನೆಲದ ಬಾವಿಗಳಲ್ಲಿ ಟಿಡಿಎಸ್ ಕಡಿಮೆ ಇರುತ್ತದೆ, ಮೀಟರು ನೋಡಿ ಖುಷಿಯಾಗುತ್ತದೆ, ರೆಸಿನ್ ಮಾತ್ರ ಎಣಿಸಿದ್ದಕ್ಕಿಂತ ಬೇಗ ಮುಗಿಯುತ್ತದೆ. ಕಾರಣ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್. ನಮ್ಮ ಬಾವಿ ನೀರು ಸ್ವಲ್ಪ ಆಮ್ಲೀಯ ಆಗಿರುವುದಕ್ಕೂ ಅದೇ ಕಾರಣ. ಟಿಡಿಎಸ್ ಮೀಟರಿಗೆ ಅದು ಸರಿಯಾಗಿ ಕಾಣಿಸುವುದಿಲ್ಲ. ರೆಸಿನ್‌ಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಆರ್‌ಒ ಹಾಕಿದರೂ ಅದು ಮೆಂಬ್ರೇನ್ ದಾಟಿ ಬರುತ್ತದೆ. ನಾನು ಬಾವಿ ನೀರನ್ನು ಮೇಲಿಂದ ಡ್ರಮ್ಮಿಗೆ ಬೀಳುವ ಹಾಗೆ ಬಿಟ್ಟು, ಒಂದು ರಾತ್ರಿ ಮುಚ್ಚಳ ತೆರೆದಿಟ್ಟು ಮತ್ತೆ ಬಳಸುತ್ತೇನೆ. ಸುಮಾರು ಗ್ಯಾಸ್ ಹಾರಿ ಹೋಗುತ್ತದೆ. ಕಬ್ಬಿಣದ ಅಂಶ ಇರುವ ಬಾವಿಯಾದರೆ ಕೆಂಪು ಗಸಿ ತಳಕ್ಕೂ ಕೂರುತ್ತದೆ. ಆ ಗಸಿ ರೆಸಿನ್‌ಗೂ ಮೆಂಬ್ರೇನ್‌ಗೂ ಆಗದು.

ರೆಸಿನ್ ಮುಗಿಯುತ್ತಾ ಬಂದರೆ ಮೀನಿನ ಹಾಗೆ ವಾಸನೆ ಬರುತ್ತದೆ. ಮೀನಿನ ಬಂದರು ದಕ್ಕೆಯ ಹತ್ತಿರ ಕೆಲಸ ಮಾಡುವಾಗ ಆ ವಾಸನೆ ಯಾವುದರದ್ದು ಅಂತ ತಿಳಿಯುವುದು ಕಷ್ಟ. ಹಾಗಾಗಿ ಮೂಗನ್ನು ನಂಬಬೇಡಿ, ದಿನಾ ಕೆಲಸಕ್ಕೆ ಮೊದಲು ಮೀಟರ್ ಅದ್ದಿ ನೋಡಿ.

ಏಪ್ರಿಲ್, ಮೇ ತಿಂಗಳ ಕತೆ ಬೇರೆ. ಹೊಳೆ ಬತ್ತಿ ನೀರಿಗೆ ರೇಷನ್ ಆಗುತ್ತದೆ. ಟ್ಯಾಂಕರ್ ನೀರು ಎಲ್ಲಿಂದ ಬಂತು ಅಂತ ಟ್ಯಾಂಕರಿನವನೂ ಹೇಳಲಾರ. ಸಮುದ್ರದ ಬದಿಯ ಬಾವಿಗಳಲ್ಲಿ ಉಪ್ಪು ಏರುತ್ತದೆ. ಉಳ್ಳಾಲ, ಮಲ್ಪೆ ಕಡೆ ಆಗ ಮೀಟರು ಮೂರಂಕಿಯಲ್ಲಿ ಎಲ್ಲೆಲ್ಲೋ ಹೋಗುತ್ತದೆ. ಅಂಥ ನೀರನ್ನು ನೇರ ರೆಸಿನ್‌ಗೆ ಬಿಟ್ಟರೆ ಹಣ ಸುಟ್ಟ ಹಾಗೆ. ಆ ಎರಡು ತಿಂಗಳಿಗೆ ನಾನು ಆರ್‌ಒ ಇಟ್ಟುಕೊಂಡಿದ್ದೇನೆ. ವಿದೇಶದ ದೊಡ್ಡ ಗಾಡಿಯದ್ದಲ್ಲ, ಮನೆಗೆ ಹಾಕುವ ಫಿಲ್ಟರಿನ ಬಿಡಿಭಾಗಗಳಿಂದ ಜೋಡಿಸಿದ್ದು. 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್ ಅಂದರೆ ದಿನಕ್ಕೆ ಹೆಚ್ಚೆಂದರೆ 280 ಲೀಟರ್, ಗಂಟೆಗೆ ಸುಮಾರು 12. ಪೋಲಿಗೆ ನಿಮಿಷಕ್ಕೇ ಒಂದೂವರೆ, ಎರಡು ಲೀಟರ್ ಬೇಕು. ನೇರ ಜೋಡಿಸಿದರೆ ಆಗುವುದಿಲ್ಲ. ಹಿಂದಿನ ದಿನವೇ ಟ್ಯಾಂಕ್ ತುಂಬಿಸಿಡಬೇಕು. ನನ್ನ ಹಾಗೆ ಚಿಕ್ಕ ಟೀಮಿಗೆ ಅದು ಸಾಕಾಗುತ್ತದೆ.

ಮನೆ ಫಿಲ್ಟರಿನ ಸರ್ವಿಸ್ ಹುಡುಗನಿಗೆ ಒಂದು ಮಾತು ಮೊದಲೇ ಹೇಳಿ: ಟಿಡಿಎಸ್ ಕಂಟ್ರೋಲರ್ ಬೇಡ, ಮಿನರಲ್ ಕಾರ್ಟ್ರಿಜ್ ಬೇಡ. ಕುಡಿಯುವ ನೀರಿಗೆ ರುಚಿ ಬರಲಿ ಅಂತ ಅವು ಲವಣ ವಾಪಸ್ ಸೇರಿಸುತ್ತವೆ. ನಮಗೆ ಬೇಕಾದ್ದು ಅದರ ಉಲ್ಟಾ. ಮೆಂಬ್ರೇನ್‌ಗೆ ಮೊದಲು ಕಾರ್ಬನ್ ಫಿಲ್ಟರ್ ಇರಲೇಬೇಕು, ಇಲ್ಲದಿದ್ದರೆ ನಳ್ಳಿ ನೀರಿನ ಕ್ಲೋರಿನ್ ಅದನ್ನು ತಿಂದುಬಿಡುತ್ತದೆ. ಇಷ್ಟಾದರೂ ಆರ್‌ಒ ನನಗೆ ಇಷ್ಟವಿಲ್ಲ. ಒಳಗೆ ಹೋದ ನೀರಿನ ಅರ್ಧಕ್ಕಿಂತ ಹೆಚ್ಚು ರಿಜೆಕ್ಟ್ ಆಗಿ ಹೊರಗೆ ಬರುತ್ತದೆ, ಅದೂ ನೀರಿಲ್ಲದ ತಿಂಗಳಲ್ಲೇ. ಆ ನೀರನ್ನು ನೆಲ ತೊಳೆಯಲು ಹಿಡಿದಿಡುತ್ತೇನೆ. ಉಪ್ಪು ಇರುವುದರಿಂದ ಗಿಡಕ್ಕೆ ಹಾಕುವುದಿಲ್ಲ. ಮಳೆಗಾಲದಲ್ಲಿ ಆರ್‌ಒ ಬೇಡ ಅಂತ ಸುಮ್ನೆ ಮೂಲೆಗೆ ಇಡಲೂ ಆಗುವುದಿಲ್ಲ. ಮೆಂಬ್ರೇನ್ ಒಣಗಬಾರದು, ನಿಂತ ನೀರಿನಲ್ಲಿ ಲೋಳೆ ಹಿಡಿಯಲೂ ಬಾರದು. ಆಗಾಗ ಓಡಿಸುತ್ತಲೇ ಇರಬೇಕು.

ಪೋಲಿನಲ್ಲಿ ಮೂರು ಜಾತಿ. ಅಲ್ಯೂಮಿನಿಯಂ ಒಂದು ಮಹಡಿಗೆ ಸರಿ. ಫೈಬರ್ ಗ್ಲಾಸ್ ಎರಡು ಮಹಡಿಗೆ ಆದೀತು, ಆದರೆ ಉದ್ದ ಮಾಡಿದಷ್ಟೂ ಭಾರ, ಬಳುಕಾಟ. ತುದಿ ಬಳುಕಿದರೆ ಕೆಳಗೆ ನೀವು ಹಾಕಿದ ಬಲ ಬ್ರಷ್‌ಗೆ ತಲುಪುವುದೇ ಇಲ್ಲ, ಬ್ರಷ್ ಗಾಜಿನ ಮೇಲೆ ಸುಮ್ನೆ ಕುಣಿಯುತ್ತದೆ. ಕಾರ್ಬನ್ ಫೈಬರ್ ಹಗುರ, ಗಟ್ಟಿ, ದುಬಾರಿ. ಮೂರನೇ ಮಹಡಿಯ ಕಿಟಕಿಯನ್ನು ದಿನವಿಡೀ ತೊಳೆಯಬೇಕಾದರೆ ಕಾರ್ಬನ್ ಬಿಟ್ಟು ಬೇರೆ ಯೋಚನೆ ಬೇಡ. ಭುಜ ನಮ್ಮದೇ ಅಲ್ವಾ?

ಕೊಳ್ಳುವಾಗ ಪೂರ್ತಿ ಉದ್ದ ಬಿಚ್ಚಿ, ಬ್ರಷ್ ಹಾಕಿ, ನೀರು ಬಿಟ್ಟು ನೋಡಿ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ಪೂರ್ತಿ ಕಾರ್ಬನ್ ಅಂತ ಹೇಳಿ ನನಗೆ ಕಳಿಸಿದ್ದು ಅರ್ಧ ಗ್ಲಾಸ್ ಬೆರೆಸಿದ್ದು. ತೂಕದಲ್ಲೇ ಗೊತ್ತಾಯಿತು. ವಾಪಸ್ ತೆಗೆದುಕೊಂಡ, ಸಾಗಣೆಯ ಖರ್ಚು ಮಾತ್ರ ನನ್ನ ತಲೆಗೇ ಬಂತು.

ನಮ್ಮ ಜಿಲ್ಲೆಯಲ್ಲಿ ಒಂದು ಅನುಕೂಲ ಉಂಟು. ಅಡಿಕೆ ಕೊಯ್ಯಲು, ಮದ್ದು ಬಿಡಲು ಕಾರ್ಬನ್ ಫೈಬರ್ ದೋಟಿ ಈಗ ಪುತ್ತೂರು, ಸುಳ್ಯದ ತೋಟಗಳಲ್ಲಿ ಮಾಮೂಲು. ನನ್ನ ಜೊತೆ ಇರುವ ಹುಡುಗ ಆ ಕಡೆಯವನು. ಉದ್ದದ ಕೋಲನ್ನು ನೆಟ್ಟಗೆ ಎತ್ತುವುದು, ಇಳಿಸುವುದು ಅವನಿಗೆ ಹೇಳಿಕೊಡಬೇಕಾಗಲಿಲ್ಲ. ಕ್ಲಾಂಪ್ ಸಡಿಲವಾದಾಗ ರಿಪೇರಿ ಮಾಡಿಕೊಟ್ಟವರೂ ದೋಟಿ ರಿಪೇರಿಯವರೇ. ಹಾಗಂತ ಅಡಿಕೆ ದೋಟಿಗೇ ಬ್ರಷ್ ಕಟ್ಟುತ್ತೇನೆ ಅಂತ ಹೊರಡಬೇಡಿ. ಬ್ರಷ್‌ನ ಕೋನ ತಿರುಗಿಸುವ ಗೂಸ್‌ನೆಕ್ ಇಲ್ಲದಿದ್ದರೆ ಗಾಜಿಗೆ ಬ್ರಷ್ ಸಪಾಟಾಗಿ ಕೂರುವುದಿಲ್ಲ.

ಎಲ್ಲಿ ಉಪಯೋಗ ಇಲ್ಲ ಅನ್ನುವುದನ್ನೂ ಹೇಳಬೇಕು. ಕಿಟಕಿಯ ಹೊರಗೆ ಗ್ರಿಲ್ ಇದ್ದರೆ ಈ ಪೋಲ್ ತೆಗೆದುಕೊಂಡು ಮಾಡುವುದು ಎಂತ? ಸಿಮೆಂಟ್ ಕಲೆ, ಪೈಂಟ್ ಹನಿ, ಹಳೆಯ ಬೋರ್‌ವೆಲ್ ನೀರಿನ ಬಿಳಿ ಕಲೆ ಶುದ್ಧ ನೀರಿಗೆ ಜಗ್ಗುವುದಿಲ್ಲ. ಹಳೆಯ ಮರದ ಕಿಟಕಿಯಲ್ಲಿ ಸಂದಿನಿಂದ ನೀರು ಒಳಗೆ ಇಳಿಯುತ್ತದೆ. ಇನ್ನೊಂದು, ಸನ್‌ಶೇಡ್‌ನ ಮೇಲೆ ಪಾಚಿ ಇದ್ದರೆ ನೀವು ತೊಳೆದು ಹೋದ ಮೇಲೆ ಕಪ್ಪು ನೀರು ಗಾಜಿನ ಮೇಲೆ ಇಳಿಯುತ್ತದೆ. ಮೊದಲು ಸನ್‌ಶೇಡ್, ಆಮೇಲೆ ಫ್ರೇಮ್, ಕೊನೆಗೆ ಗಾಜು. ಸಮುದ್ರದ ಗಾಳಿಯ ಉಪ್ಪಿಗೆ ಮಾತ್ರ ಇದರಷ್ಟು ಒಳ್ಳೆಯ ಉಪಾಯ ನಾನು ನೋಡಿಲ್ಲ. ಉಪ್ಪು ನೀರಿನಲ್ಲಿ ಕರಗುವ ವಸ್ತು, ಉಜ್ಜುವ ಕಷ್ಟವೂ ಇಲ್ಲ. ಸುರತ್ಕಲ್, ಪಣಂಬೂರು ಕಡೆಯ ಗಾಜು ತೊಳೆಯುವುದು ಬೇಗ, ಮತ್ತೆ ಮಂಜಾಗುವುದೂ ಬೇಗ. ವ್ಯಾಪಾರಕ್ಕೆ ಒಳ್ಳೆಯದೇ.

ಕರೆಂಟಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕಾರ್ಬನ್, ಅಲ್ಯೂಮಿನಿಯಂ ಎರಡರಲ್ಲೂ ವಿದ್ಯುತ್ ಹರಿಯುತ್ತದೆ. ಫೈಬರ್ ಗ್ಲಾಸ್ ಆದರೂ ಒದ್ದೆಯಾದ ಮೇಲೆ ನಂಬುವಂತಿಲ್ಲ. ಅಡಿಕೆ ತೋಟದಲ್ಲಿ ದೋಟಿ ತಂತಿಗೆ ತಾಗಿ ಜೀವ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ನಗರದ ಓಣಿಗಳಲ್ಲಿ ತಂತಿ ಕಿಟಕಿಯ ಪಕ್ಕದಲ್ಲೇ ಹೋಗುತ್ತದೆ. ಅಂಥ ಬದಿಯ ಕಿಟಕಿಯನ್ನು ನಾವು ಒಪ್ಪಿಕೊಳ್ಳುವುದೇ ಇಲ್ಲ, ಎಷ್ಟು ಹಣ ಕೊಟ್ಟರೂ.

ಮಳೆಗಾಲದಲ್ಲಿ ಕೆಲಸ ಇರುತ್ತದಾ ಅಂತ ಕೇಳುತ್ತಾರೆ. ಇರುತ್ತದೆ. ಮಳೆ ನೀರು ಗಾಜನ್ನು ಕೊಳೆ ಮಾಡುವುದಿಲ್ಲ, ಮೊದಲೇ ಕೂತಿರುವ ಧೂಳು, ಪಾಚಿ ಮಾಡುತ್ತವೆ. ಈ ಜೂನ್‌ನಿಂದ ತಾರಸಿಯ ಶೀಟ್‌ನಿಂದ ಇಳಿಯುವ ಮಳೆ ನೀರನ್ನೇ ಹಿಡಿದು, ಸೋಸಿ, ರೆಸಿನ್‌ಗೆ ಬಿಡುವ ಏರ್ಪಾಡು ಮಾಡುತ್ತಿದ್ದೇನೆ. ಅದು ನಳ್ಳಿ ನೀರಿಗಿಂತಲೂ ಮೆದು, ರೆಸಿನ್ ಇನ್ನೂ ಬಾಳಿಕೆ ಬರಬೇಕು. ಟ್ಯಾಂಕ್ ಇಟ್ಟರೆ ಬಟ್ಟೆ ಎಲ್ಲಿ ಒಣಗಿಸುವುದು ಅಂತ ಮನೆಯಲ್ಲಿ ಸದ್ಯಕ್ಕೆ ತಕರಾರು ನಡೆಯುತ್ತಿದೆ.