ಶುಗರ್ ತಾನಾಗೇ ಇಳಿದರೆ ಖುಷಿಪಡಬೇಡಿ, ಮೊದಲು ಕಿಡ್ನಿ ನೋಡಿಸಿ

ಮನೆಯಲ್ಲಿ ತುಂಬಾ ವರ್ಷದಿಂದ ಶುಗರ್ ಇರುವವರು ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ದೊಡ್ಡಪ್ಪ ಯಾರೋ ಹೇಳಿದರು ಅಂತ ಶುಗರಿಗೆ ಒಂದು ಪುಡಿ ತರಿಸಿಕೊಂಡರು. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬಿಸಿನೀರಲ್ಲಿ ಒಂದು ಚಮಚ. ಹಳೇ ಶುಗರ್ ಮಾತ್ರೆಯೂ ನಡೆದೇ ಇತ್ತು. ಕೆಲವು ತಿಂಗಳಲ್ಲಿ 200ರ ಮೇಲಿರುತ್ತಿದ್ದ ಶುಗರ್ 100ರ ಹತ್ತಿರ ಬಂತು. ಪುಡಿ ಮಾರಿದವನು ದೊಡ್ಡಪ್ಪನ ರಿಪೋರ್ಟಿನ ಫೋಟೋ ಹೊಡೆದುಕೊಂಡು ಊರೆಲ್ಲ ತೋರಿಸುತ್ತಿದ್ದ! ಆಮೇಲೊಂದು ಬೆಳಗಿನ ಜಾವ ದೊಡ್ಡಪ್ಪ ಮೈಯೆಲ್ಲ ಬೆವರಿ, ಮಾತು ತೊದಲುತ್ತಾ ಮಲಗಿದ್ದರು. ಮೀಟರಿನಲ್ಲಿ 48. ಆಸ್ಪತ್ರೆಗೆ ಒಯ್ದರೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, 5 ದಾಟಿತ್ತು.

ಡಾಕ್ಟರ್ ಬಿಡಿಸಿ ಹೇಳಿದರು. ಇನ್ಸುಲಿನ್ನನ್ನೂ ಕೆಲವು ಶುಗರ್ ಮಾತ್ರೆಗಳನ್ನೂ ಮೈಯಿಂದ ಖಾಲಿ ಮಾಡುವ ಕೆಲಸದಲ್ಲಿ ಕಿಡ್ನಿಗೆ ದೊಡ್ಡ ಪಾಲಿದೆ. ಕಿಡ್ನಿ ಸೋತರೆ ಅವು ಒಳಗೇ ಉಳಿದು ಶುಗರ್ ಇಳಿಸುತ್ತಾ ಹೋಗುತ್ತವೆ. ಕಾಯಿಲೆ ವಾಸಿಯಾದದ್ದಲ್ಲ, ಉಲ್ಬಣಿಸಿದ್ದು. ಇಂಥ ಹೊತ್ತಲ್ಲಿ ರಕ್ತಹೀನತೆ ಇದ್ದರೆ, ಎರಡು-ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಟೆಸ್ಟಾದ ಎಚ್‌ಬಿಎ1ಸಿ ಕೂಡ ಸುಳ್ಳೇ ಕಡಿಮೆ ತೋರಿಸಬಹುದು.

ಕಿಡ್ನಿ ಹಾಳಾಗುವುದು ಹೇಗೆ ಅಂತೀರಾ? ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಾಗ ಅದು ಸುಮ್ನೆ ತೇಲುತ್ತಿರುವುದಿಲ್ಲ, ಮೈಯ ಪ್ರೋಟೀನುಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ದೋಸೆ ಕಾವಲಿ ಮೇಲೆ ಕೆಂಪಗಾಗುತ್ತದಲ್ಲ, ಅದೂ ಇದೇ ಜಾತಿಯ ಕ್ರಿಯೆ. 1912ರಲ್ಲಿ ಫ್ರಾನ್ಸಿನ ವಿಜ್ಞಾನಿ ಮೈಯಾರ್ ಇದನ್ನು ವಿವರಿಸಿದರು. ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಅನ್ನುವುದೇ ಎಚ್‌ಬಿಎ1ಸಿ. ಕೆಂಪು ರಕ್ತಕಣ ಸುಮಾರು 120 ದಿನಕ್ಕೆ ಸಾಯುತ್ತದೆ, ಹೊಸದು ಬರುತ್ತದೆ. ಆದರೆ ಕಿಡ್ನಿಯ ಸೋಸುವ ಪೊರೆಯಲ್ಲಿರುವ ಕೊಲಾಜನ್ ಅನ್ನುವ ಎಳೆಎಳೆ ಪ್ರೋಟೀನ್ ಅಷ್ಟು ಬೇಗ ಬದಲಾಗುವುದಿಲ್ಲ. ಅಂಟಿದ ಸಕ್ಕರೆ ವರ್ಷಗಟ್ಟಲೆ ಅಲ್ಲೇ ಕೂತು ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಪೊರೆ ದಪ್ಪಗಾಗುತ್ತದೆ, ಗಡುಸಾಗುತ್ತದೆ, ಕೊನೆಗೆ ಸೋರುತ್ತದೆ. ಬಿಪಿಯೂ ಜಾಸ್ತಿ ಇದ್ದರೆ ಕೇಳುವುದೇ ಬೇಡ.

ಮೊದಲು ಸೋರುವುದು ಅಲ್ಬುಮಿನ್ ಅನ್ನುವ ಪ್ರೋಟೀನ್. ದೊಡ್ಡಪ್ಪನಿಗೆ ಮೂತ್ರದಲ್ಲಿ ನೊರೆ ಬರುತ್ತಿತ್ತಂತೆ, ವಯಸ್ಸಾಯ್ತಲ್ಲ ಅಂತ ಬಿಟ್ಟಿದ್ದರು. ನೊರೆ ಬರುವಷ್ಟು ಸೋರುವ ಎಷ್ಟೋ ಮುಂಚೆಯೇ ಟೆಸ್ಟಿನಲ್ಲಿ ಇದು ಗೊತ್ತಾಗುತ್ತದೆ. ಆ ಟೆಸ್ಟನ್ನು ಮಾತ್ರ ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಪ್ರತಿ ಸಲ ಕ್ರಿಯಾಟಿನಿನ್ ನೋಡಿ ನಾರ್ಮಲ್ ಅಂದು ಕಳಿಸುತ್ತಿದ್ದರು. ನನಗೆ ಈಗಲೂ ಸಿಟ್ಟು ಬರುವುದು ಇಲ್ಲೇ. ಕಿಡ್ನಿಯ ಶಕ್ತಿ ಹೆಚ್ಚುಕಡಿಮೆ ಅರ್ಧ ಹೋಗುವವರೆಗೂ ಕ್ರಿಯಾಟಿನಿನ್ ನಾರ್ಮಲ್ ಅಂತಲೇ ತೋರಿಸಬಹುದು.

ನೀವೇ ಬಾಯಿಬಿಟ್ಟು ಕೇಳಿ: ಯೂರಿನ್ ಅಲ್ಬುಮಿನ್ ಕ್ರಿಯಾಟಿನಿನ್ ರೇಶಿಯೋ, ಅಂದರೆ ಎಸಿಆರ್. ವರ್ಷಕ್ಕೊಮ್ಮೆಯಾದರೂ ಬೇಕು. ಟೈಪ್ 2 ಆದರೆ ಶುಗರ್ ಗೊತ್ತಾದ ವರ್ಷದಿಂದಲೇ ಶುರು. 30ಕ್ಕಿಂತ (mg/g ಲೆಕ್ಕದಲ್ಲಿ) ಕಡಿಮೆ ಇದ್ದರೆ ಸರಿ. ಜಾಸ್ತಿ ಬಂದರೆ ಗಾಬರಿ ಬೇಡ, ಜ್ವರ, ಸೋಂಕು ಇದ್ದಾಗಲೂ ಏರುತ್ತದೆ, ಮತ್ತೆ ಮಾಡಿಸಿ. ನಿಜವಾಗಿಯೂ ಸೋರುತ್ತಿದ್ದರೆ ಟೆಲ್ಮಿಸಾರ್ಟನ್, ಡಪಾಗ್ಲಿಫ್ಲೋಜಿನ್ ತರಹದ ಮಾತ್ರೆಗಳಿವೆ. ಡಾಕ್ಟರ್ ನೋಡಿ ಕೊಟ್ಟರೆ ಹಾನಿಯ ವೇಗ ತಗ್ಗುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಲ್ಲಿ ಕೇಳಿ ತರುವ ಡೈಕ್ಲೋಫೆನಾಕ್ ನಿಲ್ಲಿಸಿಬಿಡಿ, ಅದು ಕಿಡ್ನಿಗೆ ಇನ್ನಷ್ಟು ಪೆಟ್ಟು ಕೊಡಬಹುದು.

ಪುಡಿಯವನಿಗೆ ಫೋನ್ ಮಾಡಿದಾಗ ಪಥ್ಯ ಸರಿಯಾಗಿ ಮಾಡಿಲ್ಲ ಅಂದ. ಇಂಥ ಪುಡಿಗಳಲ್ಲಿ ಸೀಸ, ಪಾದರಸ, ಹೇಳದೆ ಬೆರೆಸಿದ ಶುಗರ್ ಮಾತ್ರೆ ಸಿಕ್ಕಿದ್ದೂ ಉಂಟು. ಮನೆಯಲ್ಲಿ ಅಂಥದ್ದಿದ್ದರೆ ಬಿಸಾಡಬೇಡಿ, ಪ್ಯಾಕೆಟ್ ಸಮೇತ ಡಾಕ್ಟರಿಗೆ ತೋರಿಸಿ.