ಊಟಕ್ಕೆ ಹಟ ಮಾಡುವ ಮಗುವಿಗೆ ಕಬ್ಬಿಣ, ವಿಟಮಿನ್ ಡಿ ಕೊಡೋದು ಹೇಗೆ? ನಾವು ಮಾಡಿ ನೋಡಿದ ದಾರಿಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಟ್ಟ ಕಬ್ಬಿಣದ ಸಿರಪ್ ನಡೆಯಲಿಲ್ಲ. ಎದುರಿಗೆ ಕೂರಿಸಿಕೊಂಡು "ಇದು ಔಷಧಿ ಪುಟ್ಟಿ, ರುಚಿ ಚೆನ್ನಾಗಿರಲ್ಲ, ಆದ್ರೆ ಬೇಗ ಮುಗಿಯುತ್ತೆ" ಅಂತ ಹೇಳಿ ಕೊಟ್ಟದ್ದು ನಡೆಯಿತು. ಹಾಗಂತ ಎಲ್ಲದಕ್ಕೂ ಇದೇ ದಾರಿ ಅಲ್ಲ. ವಿಟಮಿನ್ ಡಿಯನ್ನು ಆರಾಮಾಗಿ ಊಟದಲ್ಲೇ ಸೇರಿಸಬಹುದು. ಯಾವುದನ್ನು ಎಲ್ಲಿ ಸೇರಿಸಬಹುದು, ಯಾವುದನ್ನು ಸೇರಿಸಲೇಬಾರದು ಅನ್ನುವುದೇ ಇಲ್ಲಿರುವ ಕಷ್ಟ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮಗಳಿಗೆ ನಾಲ್ಕೂವರೆ ವರ್ಷ, ತೂಕ 14 ಕೆಜಿ. ಚಿತ್ರಾನ್ನ ಕೊಟ್ಟರೆ ಒಂದೊಂದೇ ಸಾಸಿವೆ ಕಾಳು ಆರಿಸಿ ತಟ್ಟೆಯ ಅಂಚಿಗೆ ಇಡುತ್ತಾಳೆ. ಸಾರು ತಾಗಿದ ಅನ್ನ ಬೇಡ, ಪಲ್ಯ ತಟ್ಟೆಯ ಮೂಲೆಯಲ್ಲಿ ಸುಮ್ನೆ ಇದ್ದರೂ ಬೇಡ. ಹಾಲು ಮಾತ್ರ ಎಷ್ಟು ಕೊಟ್ಟರೂ ಕುಡಿಯುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.4 ಬಂತು. ಈ ವಯಸ್ಸಿಗೆ ಕಡಿಮೆ ಅಂದರೂ 11 ಇರಬೇಕು. ವಿಟಮಿನ್ ಡಿ ಕೂಡ ಕಡಿಮೆ ಇತ್ತು. ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಅಂದರೆ ಮೂವರಲ್ಲಿ ಇಬ್ಬರಿಗೆ.

ಡಾಕ್ಟರ್ ಸಿರಪ್ ಬರೆಯುವುದಕ್ಕಿಂತ ಮೊದಲು ಹಾಲಿನ ಲೆಕ್ಕ ಕೇಳಿದರು, ದಿನಕ್ಕೆ ಅರ್ಧ ಲೀಟರ್ ದಾಟಬಾರದು ಅಂದರು. ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಹೊಟ್ಟೆ ತುಂಬಿಸಿಬಿಡುತ್ತದೆ, ಬೇರೆ ಊಟಕ್ಕೆ ಜಾಗ ಇರುವುದಿಲ್ಲ. ಮೇಲಾಗಿ ಅದರಲ್ಲಿರುವ ಕ್ಯಾಲ್ಸಿಯಂ, ಬೇರೆ ಕಡೆಯಿಂದ ಬಂದ ಕಬ್ಬಿಣವನ್ನೂ ಮೈಗೆ ಹಿಡಿಯಲು ಬಿಡುವುದಿಲ್ಲ. "ಪಾಪ ಮಗು, ಹಾಲಾದ್ರೂ ಕುಡೀಲಿ" ಅಂತ ಎಲ್ಲರೂ ಹೇಳುವ ಮಾತು ಇಂಥ ಮಗುವಿಗೆ ಸರಿ ಹೋಗುವುದಿಲ್ಲ.

ಈಗ ಹೋಲಿಕೆಗೆ ಬರುತ್ತೇನೆ. ಮೊದಲನೆಯದು ಬೆರೆಸಿ ಕೊಡುವುದು. ರಾಗಿ ಮಾಲ್ಟ್, ಬಾಳೆಹಣ್ಣಿನ ರಸಾಯನ, ಮೊಸರನ್ನ, ಎಲ್ಲದರಲ್ಲೂ ಹಾಕಿ ನೋಡಿದೆವು. ಮೊದಲ ಗುಟುಕಿಗೇ "ಅಮ್ಮಾ, ಇದ್ರಲ್ಲಿ ಏನೋ ಹಾಕಿದ್ದೀಯ" ಅಂದಳು. ಆಮೇಲೆ ಏನೂ ಹಾಕದ ಮಾಲ್ಟನ್ನೂ ಮೂಸಿ ನೋಡಿ ದೂರ ತಳ್ಳತೊಡಗಿದಳು. ಇಷ್ಟಪಟ್ಟು ತಿನ್ನುವುದೇ ಐದಾರು ಪದಾರ್ಥ ಇರುವ ಮಗು ಅದರಲ್ಲಿ ಒಂದನ್ನು ಕಳೆದುಕೊಂಡರೆ ಎಷ್ಟು ನಷ್ಟ ಅಂತ ಇಂಥ ಮಕ್ಕಳ ತಾಯಂದಿರಿಗೇ ಗೊತ್ತು. ಹೋಗಲಿ, ಕುಡಿದಳು ಅಂತಲೇ ಇಟ್ಟುಕೊಳ್ಳಿ, ಆಗಲೂ ಲೆಕ್ಕ ಸರಿ ಬರುವುದಿಲ್ಲ. ಅರ್ಧ ಲೋಟ ಬಿಟ್ಟರೆ ಔಷಧಿ ಎಷ್ಟು ಹೊಟ್ಟೆಗೆ ಹೋಯಿತು ಅಂತ ಹೇಳೋದು ಹೇಗೆ? ಅದೂ ಅಲ್ಲದೆ ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ನೂರು ಗ್ರಾಂಗೆ ಮುನ್ನೂರು ಮಿಲಿಗ್ರಾಂ ದಾಟುತ್ತದೆ. ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್, ಟ್ಯಾನಿನ್ ಕೂಡ ಇವೆ. ರಾಗಿ ಒಳ್ಳೆಯದೇ, ನಮ್ಮ ಮನೆಯಲ್ಲಿ ದಿನಾ ಇರುತ್ತದೆ, ಆದರೆ ಕಬ್ಬಿಣದ ಔಷಧಿಯ ಜೊತೆಗೆ ಬೇಡ. ಹಾಲು ಮೊಸರಿಗೂ ಇದೇ ಮಾತು. ಎರಡರ ನಡುವೆ ಒಂದೆರಡು ಗಂಟೆ ಬಿಡಬೇಕು.

ಎರಡನೆಯದು ಒಳಲೆ. ಇದು ಅತ್ತೆಯವರ ದಾರಿ. ಮನೆಯಲ್ಲಿ ಹಳೆಯ ಬೆಳ್ಳಿ ಒಳಲೆ ಇದೆ, ನನ್ನ ಗಂಡನಿಗೂ ಅದರಲ್ಲೇ ಔಷಧಿ ಹಾಕಿದ್ದರಂತೆ. "ನೋಡಮ್ಮ, ತೊಡೆ ಮೇಲೆ ಮಲಗಿಸಿಕೊಂಡು ಒಂದ್ಸಲ ಹೊಯ್ದುಬಿಟ್ರೆ ಆಯ್ತು" ಅಂದರು. ಅವರ ಕೈ ಪಳಗಿದ ಕೈ, ಕಾಳಜಿಯೂ ನಿಜ. ಆದರೆ ನಾಲ್ಕು ವರ್ಷ ದಾಟಿದ ಮಗು ಅಳುತ್ತಾ ಒದ್ದಾಡುವಾಗ ಮಲಗಿಸಿ ಹೊಯ್ದರೆ, ಅದರಲ್ಲೂ ಮೂಗು ಹಿಡಿದರೆ, ಔಷಧಿ ಶ್ವಾಸನಾಳಕ್ಕೆ ಹೋಗುವ ಭಯ ಇರುತ್ತದೆ. ಡಾಕ್ಟರ್ ಅದನ್ನು ಬೇಡವೇ ಬೇಡ ಅಂದರು. ನಾನೂ ಬೇಡ ಅಂತಲೇ ಹೇಳುತ್ತೇನೆ.

ಮೂರನೆಯದು ಸೂಜಿ ಇಲ್ಲದ ಪ್ಲಾಸ್ಟಿಕ್ ಸಿರಿಂಜ್. ಗೆದ್ದದ್ದು ಇದು. ಮೆಡಿಕಲ್ ಶಾಪ್‌ನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಮಗು ನೆಟ್ಟಗೆ ಕೂರಬೇಕು. ಸಿರಿಂಜಿನ ತುದಿಯನ್ನು ನಾಲಿಗೆಯ ಮೇಲೆ ಇಡಬೇಡಿ, ಕೆನ್ನೆಯ ಒಳಗಡೆ ಸ್ವಲ್ಪ ಹಿಂದಕ್ಕೆ ಇಟ್ಟು ನಿಧಾನವಾಗಿ ಒತ್ತಿ. ಹೀಗೆ ಮಾಡಿದರೆ ನಾಲಿಗೆಯ ತುದಿಗೆ ರುಚಿ ಕಡಿಮೆ ತಾಗುತ್ತದೆ, ಹಲ್ಲಿಗೂ ಜಾಸ್ತಿ ಅಂಟುವುದಿಲ್ಲ. ಕಬ್ಬಿಣದಿಂದ ಹಲ್ಲಿನ ಮೇಲೆ ಕಪ್ಪು ಕಲೆ ಬೀಳುತ್ತದೆ, ಅದು ಶಾಶ್ವತ ಅಲ್ಲ, ಕೊಟ್ಟ ಮೇಲೆ ನೀರು ಕುಡಿಸಿ ಹಲ್ಲುಜ್ಜಿಸಿದರೆ ಸಾಕು. ನಮ್ಮ ಮಗಳು ಒಪ್ಪಿಕೊಂಡದ್ದು ಯಾವಾಗ ಅಂದರೆ, ಸಿರಿಂಜನ್ನು ಅವಳ ಕೈಗೇ ಕೊಟ್ಟ ಮೇಲೆ. ಅವಳೇ ಒತ್ತುತ್ತಾಳೆ, ನಾನು ಹಿಡಿದುಕೊಂಡಿರುತ್ತೇನೆ, ಅವಳು "ಈಗ" ಅಂದಾಗಲೇ ಶುರು. ಬಾಯಿಗೆ ಏನು ಬರುತ್ತಿದೆ, ಎಷ್ಟು ಬರುತ್ತಿದೆ ಅಂತ ಗೊತ್ತಿರುವುದೇ ಇಂಥ ಮಕ್ಕಳಿಗೆ ರುಚಿಗಿಂತ ಮುಖ್ಯ ಅನ್ನಿಸುತ್ತದೆ ನನಗೆ. ಹಿಂದೆಯೇ ಒಂದು ಚೂರು ನೆಲ್ಲಿಕಾಯಿ, ಇಲ್ಲಾ ಅರ್ಧ ಲೋಟ ನಿಂಬೆ ಪಾನಕ. ಬಾಯಿಯ ರುಚಿಯೂ ಬದಲಾಗುತ್ತದೆ, ವಿಟಮಿನ್ ಸಿ ಇರುವುದರಿಂದ ಕಬ್ಬಿಣ ಚೆನ್ನಾಗಿ ಮೈಗೆ ಹಿಡಿಯುತ್ತದೆ.

ಸಿರಿಂಜಿನಷ್ಟೇ ಮುಖ್ಯವಾದದ್ದು ಅದರೊಳಗೆ ಏನು ತುಂಬುತ್ತೀರಿ ಅನ್ನುವುದು. ಕಬ್ಬಿಣದ ಸಿರಪ್ ಅಂದರೆ ಎಲ್ಲ ಒಂದೇ ಅಂದುಕೊಳ್ಳಬೇಡಿ. ಬಾಟಲಿಯ ಹಿಂದೆ ಓದಿ. ಫೆರಸ್ ಸಲ್ಫೇಟ್ ಅಂತ ಇದ್ದರೆ ನಾಣ್ಯ ನೆಕ್ಕಿದಂಥ ರುಚಿ, ಕುಡಿಸೋದಕ್ಕೆ ಇದೇ ಎಲ್ಲಕ್ಕಿಂತ ಕಷ್ಟ. ಫೆರಸ್ ಆಸ್ಕಾರ್ಬೇಟ್ ಸ್ವಲ್ಪ ವಾಸಿ. ಐರನ್ ಪಾಲಿಮಾಲ್ಟೋಸ್ ರುಚಿಯಲ್ಲಿ ಎಲ್ಲಕ್ಕಿಂತ ಸುಲಭ, ಊಟದ ಜೊತೆಗೂ ಕೊಡಬಹುದು. ಹಾಗಿದ್ದರೆ ಅದನ್ನೇ ಕೊಟ್ಟುಬಿಡೋಣ ಅನ್ನಿಸುತ್ತೆ, ಅಲ್ವಾ? ಅಮೆರಿಕದ ಡಲ್ಲಾಸ್‌ನಲ್ಲಿ ಪುಟ್ಟ ಮಕ್ಕಳಿಗೆ ಫೆರಸ್ ಸಲ್ಫೇಟ್ ಮತ್ತು ಪಾಲಿಮಾಲ್ಟೋಸ್ ಕೊಟ್ಟು ಹೋಲಿಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. 80 ಮಕ್ಕಳು, ಮಗುವಿನ ತೂಕದ ಕೆಜಿಗೆ 3 ಮಿಲಿಗ್ರಾಂ, ದಿನಕ್ಕೆ ಒಂದೇ ಸಲ, 12 ವಾರ. ಫೆರಸ್ ಸಲ್ಫೇಟ್ ತೆಗೆದುಕೊಂಡ ಮಕ್ಕಳ ಹಿಮೋಗ್ಲೋಬಿನ್ ಪಾಲಿಮಾಲ್ಟೋಸ್‌ನವರಿಗಿಂತ ಜಾಸ್ತಿ ಏರಿತು. ಆದರೆ ಉಗುಳಿದ ಸಲ್ಫೇಟ್‌ಗಿಂತ ಹೊಟ್ಟೆಗೆ ಹೋದ ಪಾಲಿಮಾಲ್ಟೋಸ್ ಮೇಲು. ನಾವು ನಡುವಿನ ಆಸ್ಕಾರ್ಬೇಟ್‌ಗೆ ಬಂದು ನಿಂತೆವು, ಡಾಕ್ಟರನ್ನು ಕೇಳಿಯೇ ಬದಲಾಯಿಸಿದೆವು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ, ಅದು ಮಿಲಿ (ಮಿಲಿಲೀಟರ್) ಲೆಕ್ಕ. ನನ್ನ ಮಗಳ ತೂಕಕ್ಕೆ ಕೆಜಿಗೆ 3 ಮಿಲಿಗ್ರಾಂನಂತೆ ದಿನಕ್ಕೆ 42 ಮಿಲಿಗ್ರಾಂ ಕಬ್ಬಿಣ. 5 ಮಿಲಿಯಲ್ಲಿ 30 ಮಿಲಿಗ್ರಾಂ ಇರುವ ಸಿರಪ್ ಆದರೆ 7 ಮಿಲಿ ಕುಡಿಸಬೇಕು. 1 ಮಿಲಿಯಲ್ಲಿ 25 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಎರಡು ಮಿಲಿಯೂ ಬೇಡ. ಡ್ರಾಪ್ಸ್ ರುಚಿ ಗಾಢ, ಆದರೆ ಒಂದೇ ಗುಟುಕು. ನಮ್ಮವಳಿಗೆ ಚೆನ್ನಾಗಿರುವ ಏಳು ಮಿಲಿಗಿಂತ ಕೆಟ್ಟದಾಗಿರುವ ಎರಡು ಮಿಲಿ ಸುಲಭವಾಯಿತು. ಎರಡು ಬಾಟಲಿ ನೋಡಲು ಒಂದೇ ಥರ ಇರುತ್ತವೆ, ಆದ್ದರಿಂದ ಅಂಗಡಿಯಲ್ಲಿ ಬೇರೆ ಕಂಪನಿಯದು ಕೊಟ್ಟರೆ ಹಳೆಯ ಮಿಲಿ ಲೆಕ್ಕದಲ್ಲೇ ಹಾಕಬೇಡಿ, ಡಾಕ್ಟರಿಗೆ ಒಂದು ಫೋನ್ ಮಾಡಿ. ಬಾಟಲಿಯನ್ನು ಬೀರುವಿನ ಒಳಗೆ, ಮೇಲಿನ ಅರೆಯಲ್ಲಿ ಇಡಿ. ಕಬ್ಬಿಣ ಮಿತಿ ಮೀರಿ ಹೊಟ್ಟೆಗೆ ಹೋದರೆ ಚಿಕ್ಕ ಮಕ್ಕಳ ಜೀವಕ್ಕೇ ಅಪಾಯ.

ಮಲ ಕಪ್ಪಗಾಗುತ್ತದೆ ಅಂತ ಮನೆಯವರಿಗೆಲ್ಲ ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಅಜ್ಜಿ ಗಾಬರಿಯಾಗಿ ಔಷಧಿ ನಿಲ್ಲಿಸಿಬಿಡುತ್ತಾರೆ. ಸ್ವಲ್ಪ ಮಲಬದ್ಧತೆ ಬರಬಹುದು, ಪಪ್ಪಾಯಿ ಮತ್ತು ನೀರು ಜಾಸ್ತಿ ಮಾಡಿದೆವು.

ಗಮ್ಮಿ, ಅಂದರೆ ಮಿಠಾಯಿಯಂತೆ ಜಗಿಯುವ ವಿಟಮಿನ್, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಕ್ಕಳಿಗೆ ತುಂಬಾ ಇಷ್ಟ, ಜಗಳವೇ ಇಲ್ಲ. ಆದರೆ ನಾವು ನೋಡಿದ ಡಬ್ಬಗಳಲ್ಲಿ ಹೆಚ್ಚಿನವುಗಳಲ್ಲಿ ಕಬ್ಬಿಣವೇ ಇರಲಿಲ್ಲ. ಎ, ಸಿ, ಡಿ, ಬಿ ವಿಟಮಿನ್‌ಗಳು, ಸ್ವಲ್ಪ ಜಿಂಕ್, ಮಿಕ್ಕದ್ದು ಸಕ್ಕರೆ. ರಕ್ತಹೀನತೆ ಇರುವ ಮಗುವಿಗೆ ಇದನ್ನು ಕೊಟ್ಟು "ಮಲ್ಟಿವಿಟಮಿನ್ ಕೊಡ್ತಿದ್ದೀವಲ್ಲ" ಅಂತ ನೆಮ್ಮದಿಯಾಗಿ ಇದ್ದುಬಿಟ್ಟರೆ ತಿಂಗಳುಗಟ್ಟಲೆ ಸಮಯ ಹೋಗುತ್ತದೆ. ಅಂಟುವ ತಿನಿಸು ಆದ್ದರಿಂದ ಹಲ್ಲಿಗೂ ಒಳ್ಳೆಯದಲ್ಲ. ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಭಯವೂ ಇದೆ. ಸಸ್ಯಾಹಾರಿಗಳು ಪ್ರಾಣಿಗಳಿಂದ ತೆಗೆಯುವ ಜೆಲಟಿನ್ ಇದೆಯೋ, ಹಣ್ಣಿನಿಂದ ತೆಗೆಯುವ ಪೆಕ್ಟಿನ್ ಇದೆಯೋ ಅಂತ ನೋಡಿ ತೆಗೆದುಕೊಳ್ಳಿ. ನಾವು ಮಾತ್ರ ಗಮ್ಮಿ ನಿಲ್ಲಿಸಿದೆವು. ಅದನ್ನು ಚಾಕೊಲೇಟ್ ಅಂದುಕೊಂಡು ಇನ್ನೊಂದು ಕೊಡು ಅಂತ ಕೇಳುವುದು ನನಗೆ ಸರಿ ಕಾಣಲಿಲ್ಲ.

ಹಾಲಿಗೆ ಹಾಕುವ ಪುಡಿಗಳು ಬೇಡ. ಹೆಚ್ಚಿನವುಗಳಲ್ಲಿ ಸಕ್ಕರೆ ತುಂಬಾ, ಮತ್ತೆ ಹಾಲೇ ಜಾಸ್ತಿ ಮಾಡಿದಂತಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಇಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ವಿಭಾಗದಿಂದ ತೆಗೆಯಿರಿ ಅಂತ ಹೇಳಿತು.

ಬೆಲ್ಲ, ಕಬ್ಬಿಣದ ಬಾಣಲೆ ಇವು ಅತ್ತೆಯವರ ಇನ್ನೊಂದು ವಾದ. ಬಾಣಲೆ ನನಗೂ ಒಪ್ಪಿಗೆ. ಹುಳಿ ಇರುವ ಗೊಜ್ಜು, ಟೊಮ್ಯಾಟೊ ಪಲ್ಯ ಅದರಲ್ಲಿ ಮಾಡಿದರೆ ಸ್ವಲ್ಪ ಕಬ್ಬಿಣ ಅಡುಗೆಗೆ ಇಳಿಯುವುದು ನಿಜ, ಮನೆಯವರಿಗೆಲ್ಲ ಒಳ್ಳೆಯದು. ಆದರೆ ಗೊಜ್ಜನ್ನೇ ಮುಟ್ಟದ ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ. ಬೆಲ್ಲದಲ್ಲಿ ನೂರು ಗ್ರಾಂ ತಿಂದರೂ ಸಿಗುವುದು ಕೆಲವೇ ಮಿಲಿಗ್ರಾಂ. 9.4 ಇರುವ ಮಗುವಿಗೆ ಇದೆಲ್ಲ ಔಷಧಿಯ ಜಾಗ ತುಂಬುವುದಿಲ್ಲ. ಹಿಮೋಗ್ಲೋಬಿನ್ ಸರಿ ಹೋದ ಮೇಲೂ ಮೈಯಲ್ಲಿ ದಾಸ್ತಾನು ತುಂಬಲು ಕೆಲವು ತಿಂಗಳು ಸಿರಪ್ ಮುಂದುವರಿಸಬೇಕು, ಅದನ್ನು ನಡುವೆ ಬಿಡಬೇಡಿ.

ವಿಟಮಿನ್ ಡಿ ಇಷ್ಟು ಕಷ್ಟ ಅಲ್ಲ. ಎಣ್ಣೆಯಲ್ಲಿ ಕರಗಿಸಿದ ಡ್ರಾಪ್ಸ್‌ಗೆ ಹೇಳಿಕೊಳ್ಳುವ ರುಚಿ ಇಲ್ಲ. ಕೊಬ್ಬಿನ ಜೊತೆ ಹೋದರೆ ಚೆನ್ನಾಗಿ ಹಿಡಿಯುತ್ತದೆ, ಆದ್ದರಿಂದ ತುಪ್ಪ ಸವರಿದ ದೋಸೆಯ ಮೊದಲ ತುತ್ತಿಗೆ ಹಾಕಿ ಕೊಡುತ್ತೇನೆ. ಇಡೀ ದೋಸೆಗೆ ಹಾಕಬೇಡಿ, ಕೊನೆಯ ತುಂಡನ್ನು ಬಿಟ್ಟೇ ಬಿಡುತ್ತಾರೆ. ಇದನ್ನೂ ಹೇಳಿಯೇ ಹಾಕುತ್ತೇನೆ, ಅವಳಿಗೆ ತಕರಾರಿಲ್ಲ. ಒಂದು ವರ್ಷ ದಾಟಿದ ಮಕ್ಕಳಿಗೆ ಸಾಮಾನ್ಯವಾಗಿ ದಿನಕ್ಕೆ 600 ಯೂನಿಟ್ ಬೇಕು, ಕೊರತೆ ಇದ್ದರೆ ಎಷ್ಟು ಅಂತ ಡಾಕ್ಟರ್ ಹೇಳುತ್ತಾರೆ. ವಾರಕ್ಕೊಂದು ಅಂತ ದೊಡ್ಡವರು ತೆಗೆದುಕೊಳ್ಳುವ 60,000 ಯೂನಿಟ್‌ನ ಸ್ಯಾಶೆ ಮನೆಯಲ್ಲಿದೆ ಅಂತ ಮಗುವಿಗೆ ನೀವೇ ಹಾಕಬೇಡಿ.

ಇಲ್ಲಿಯೂ ಮಿಲಿ ಲೆಕ್ಕ ನೋಡಬೇಕು. ಇಲ್ಲಿ ಸಿಗುವ ಡ್ರಾಪ್ಸ್‌ನಲ್ಲಿ 1 ಮಿಲಿಗೆ 400 ಯೂನಿಟ್ ಇರುವುದೂ ಇದೆ, 800 ಇರುವುದೂ ಇದೆ. ಅಮೆರಿಕದಲ್ಲಿರುವ ನನ್ನ ಅಕ್ಕ ತಂದುಕೊಟ್ಟ ಬಾಟಲಿಯಲ್ಲಿ ಒಂದೇ ಹನಿಗೆ 400 ಯೂನಿಟ್ ಇತ್ತು. ನಮ್ಮ ಬಾಟಲಿಯ ಡ್ರಾಪರ್‌ನಲ್ಲಿ ಅದನ್ನು 1 ಮಿಲಿ ಹಾಕಿದರೆ ಎಷ್ಟಾಗುತ್ತದೆ ಯೋಚಿಸಿ. ಹೀಗೆ ಡ್ರಾಪರ್ ಅಳತೆ ತಪ್ಪಿ ಕೂಸುಗಳಿಗೆ ವಿಟಮಿನ್ ಡಿ ಜಾಸ್ತಿಯಾಗಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಎಚ್ಚರಿಸಿತ್ತು. ಹೊರದೇಶದಿಂದ ಅಣ್ಣ, ಅಕ್ಕ ಪ್ರೀತಿಯಿಂದ ತರುವ ಬಾಟಲಿಗಳು ನಮ್ಮೂರಲ್ಲಿ ಎಷ್ಟೋ ಮನೆಗಳಲ್ಲಿವೆ, ಅದರದೇ ಡ್ರಾಪರ್ ಬಳಸಿ.

ಜಿಂಕ್ ಬಗ್ಗೆ ಒಂದೇ ಮಾತು. ಭೇದಿ ಆದಾಗ ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ ಕೊಡುವ, ನೀರಲ್ಲಿ ಕರಗುವ ಮಾತ್ರೆ ಅದು. ಒಂದು ಚಮಚ ನೀರು ಸಾಕು. ಲೋಟದಲ್ಲಿ ಕರಗಿಸಿದರೆ ಲೋಟ ಪೂರ್ತಿ ಕುಡಿಸಬೇಕಾಗುತ್ತದೆ.

ಕೊನೆಗೆ ಮಾತ್ರೆ. 2018ರಲ್ಲಿ ಶುರುವಾದ ಸರ್ಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಇದೆ, ಒತ್ತಿದರೆ 1 ಮಿಲಿಯಷ್ಟೇ ಬೀಳುವ ಬಾಟಲಿ. ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಮಾತ್ರೆ, ಅದರಲ್ಲಿ 45 ಮಿಲಿಗ್ರಾಂ ಕಬ್ಬಿಣ. ಇದು ರಕ್ತಹೀನತೆ ಬಾರದಂತೆ ಕೊಡುವುದು. ಈಗಾಗಲೇ ಚಿಕಿತ್ಸೆ ನಡೆಯುತ್ತಿದ್ದರೆ ಎರಡೂ ಬೇಕಾ ಅಂತ ಡಾಕ್ಟರನ್ನು ಕೇಳಿ. ಮಗಳು ಒಂದನೇ ತರಗತಿಗೆ ಸೇರುವ ಹೊತ್ತಿಗೆ ಮಾತ್ರೆ ನುಂಗಲು ಬಂದರೆ ಸಿರಪ್ ರುಚಿಯ ರಗಳೆಯೇ ಇರುವುದಿಲ್ಲ. ಅಕ್ಕನ ಮಗನಿಗೆ ಆರು ವರ್ಷ ಇದ್ದಾಗ ಜೀರಿಗೆ ಪೆಪ್ಪರ್‌ಮೆಂಟಿನಿಂದ ಕಲಿಸಿದ್ದರು. ಮೊದಲು ತೀರಾ ಸಣ್ಣ ಕಾಳು ನಾಲಿಗೆಯ ಮೇಲಿಟ್ಟು ಒಂದು ಗುಟುಕು ನೀರು, ಅದು ಸಲೀಸಾದ ಮೇಲೆ ಸ್ವಲ್ಪ ದಪ್ಪದ್ದು. ನೆಟ್ಟಗೆ ಕೂತು, ನಗದೆ, ಓಡಾಡದೆ, ದೊಡ್ಡವರು ಎದುರಿಗಿರುವಾಗ ಮಾತ್ರ. ನಾವು ಇನ್ನೂ ಶುರು ಮಾಡಿಲ್ಲ, ಐದು ವರ್ಷ ತುಂಬಿದ ಮೇಲೆ ಡಾಕ್ಟರನ್ನು ಒಂದು ಮಾತು ಕೇಳಿ ಶುರು ಮಾಡುತ್ತೇವೆ.